ಸೀಟು ಸಿಕ್ಕಿತ್ತು, ವಿಳಾಸ ಇರಲಿಲ್ಲ: ಗುಳೆ ಬಂದ ಕುಟುಂಬದ ಹುಡುಗಿಯೊಬ್ಬಳ ಪದವಿ ಓದು

ಬೆಂಗಳೂರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ನಾನು ವಾಣಿಜ್ಯ ಪಾಠ ಮಾಡುತ್ತೇನೆ. ಪಾಠದ ಜೊತೆಗೆ ವಿದ್ಯಾರ್ಥಿವೇತನದ ಕೆಲಸವೂ ನನ್ನ ಪಾಲಿಗೆ ಬಂದಿದೆ. ಮಕ್ಕಳ ಅರ್ಜಿ, ದಾಖಲೆ, ಇ-ದೃಢೀಕರಣ ಎಲ್ಲ ನನ್ನ ಟೇಬಲ್ ದಾಟಿಯೇ ಮುಂದೆ ಹೋಗಬೇಕು. ಇಲ್ಲಿ ಬರೆಯುತ್ತಿರುವುದು ಹಾಗೆ ನನ್ನ ಟೇಬಲ್ಲಿಗೆ ಬಂದ ಒಬ್ಬ ವಿದ್ಯಾರ್ಥಿನಿಯ ಪ್ರಕರಣ. 2023ರಲ್ಲಿ ಬಿ.ಕಾಂ.ಗೆ ಸೇರಿದಳು. ಯಾದಗಿರಿ ಜಿಲ್ಲೆಯ ಒಂದು ಲಂಬಾಣಿ ತಾಂಡಾದವಳು. ಅಪ್ಪ ಅವ್ವ ಥಣಿಸಂದ್ರದ ಕಡೆ ಕಟ್ಟಡ ಕೆಲಸಕ್ಕೆ ಬಂದವರು. ಅವರ ಮನೆತನದಲ್ಲಿ ಪಿಯುಸಿ ದಾಟಿದವರಲ್ಲಿ ಇವಳೇ ಮೊದಲು. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ತಾಂಡಾ, ಕಾಲೇಜು ಯಾವುದನ್ನೂ ಹೇಳುವುದಿಲ್ಲ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಹುಡುಗಿ ಓದು ಬಿಡುವ ಹಂತಕ್ಕೆ ಬಂದಿದ್ದು ಫೀಸ್ ಕಟ್ಟಲಾಗದೆ ಅಲ್ಲ. ಸರ್ಕಾರಿ ಪದವಿ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕ ಇಲ್ಲ. ಅವಳು ಸೇರುವ ಹೊತ್ತಿಗೆ, 2023ರ ಜೂನ್ 11ರಿಂದ, ಶಕ್ತಿ ಯೋಜನೆಯ ಉಚಿತ ಬಸ್ಸೂ ಶುರುವಾಗಿತ್ತು. ಬುದ್ಧಿಯ ಕೊರತೆಯೂ ಇರಲಿಲ್ಲ, ದ್ವಿತೀಯ ಪಿಯುಸಿ ಮೊದಲ ಸಲವೇ ಪ್ರಥಮ ದರ್ಜೆಯಲ್ಲಿ ಪಾಸಾಗಿದ್ದಳು. ತೊಂದರೆ ಬೇರೆ ಕಡೆ ಇತ್ತು. ನಮ್ಮ ಎಲ್ಲ ಸೌಲಭ್ಯಗಳೂ ಒಂದು ಕುಟುಂಬ ಒಂದೇ ಕಡೆ ನೆಲೆ ನಿಂತಿದೆ ಅಂತ ಅಂದುಕೊಂಡೇ ರೂಪುಗೊಂಡಿವೆ. ಇವರು ಒಂದೇ ಕಡೆ ನಿಂತವರಲ್ಲ.

ಕುಟುಂಬ

ತಾಂಡಾದಲ್ಲಿ ಎರಡು ಎಕರೆ ಒಣಭೂಮಿ. ಮಳೆ ಬಂದರೆ ತೊಗರಿ, ಬಾರದಿದ್ದರೆ ಏನೂ ಇಲ್ಲ. ತೊಗರಿ ರಾಶಿ ಮುಗಿಸಿ ಗುಳೆ ಹೊರಟರೆ ಮತ್ತೆ ಮುಂಗಾರಿಗೆ ವಾಪಸ್. ಇದು ಅವಳ ಅಜ್ಜನ ಕಾಲದಿಂದ ನಡೆದುಬಂದ ರೂಢಿ. ಆಗ ಹೋಗುತ್ತಿದ್ದುದು ಕಬ್ಬು ಕಡಿಯಲು, ಈಗ ಬರುವುದು ಬೆಂಗಳೂರಿಗೆ. ಯಾದಗಿರಿ ಸ್ಟೇಷನ್ನಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್‌ನ ಜನರಲ್ ಬೋಗಿ ಹತ್ತಿದರೆ ಇಲ್ಲಿಗೆ ಬಂದಿಳಿಯುತ್ತಾರೆ. ಈಚಿನ ವರ್ಷಗಳಲ್ಲಿ ವಾಪಸ್ ಹೋಗುವುದು ಕಡಿಮೆಯಾಗಿದೆ. ವರ್ಷದಲ್ಲಿ ಹೆಚ್ಚು ತಿಂಗಳು ಇಲ್ಲೇ, ದೀಪಾವಳಿಗೆ ಮಾತ್ರ ತಪ್ಪದೆ ಊರು. ಲಂಬಾಣಿಗರಿಗೆ ದೀಪಾವಳಿ ಅಂದರೆ ತಾಂಡಾ ಪೂರ್ತಿ ಕೂಡುವ ಹಬ್ಬ.

ಹುಡುಗಿ ಐದನೇ ಕ್ಲಾಸಿನ ತನಕ ತಾಂಡಾದ ಶಾಲೆಯಲ್ಲಿ, ಅಜ್ಜಿಯ ಜೊತೆ ಇದ್ದು ಓದಿದಳು. ಆಮೇಲೆ ಬೆಂಗಳೂರು. ಹೈಸ್ಕೂಲು, ಪಿಯುಸಿ ಎಲ್ಲ ಇಲ್ಲಿನ ಸರ್ಕಾರಿ ಶಾಲೆ ಕಾಲೇಜುಗಳಲ್ಲೇ. ಅಣ್ಣ ಎಂಟನೇ ಕ್ಲಾಸಿಗೆ ಬಿಟ್ಟು ಕಬ್ಬಿಣದ ಸರಳು ಬಗ್ಗಿಸುವ ಬಾರ್ ಬೆಂಡಿಂಗ್ ಕೆಲಸಕ್ಕೆ ಇಳಿದ. ಕಡ್ಡಾಯ ಶಿಕ್ಷಣದ ಕಾಯ್ದೆ 14 ವರ್ಷದ ತನಕ ಮಾತ್ರ. ಅಲ್ಲಿಯವರೆಗೆ ಶಾಲೆ ಬಿಟ್ಟ ಮಗುವನ್ನು ಹುಡುಕಿಕೊಂಡು ಯಾರಾದರೂ ಶೆಡ್ಡಿಗೆ ಬರುತ್ತಾರೆ. ಆಮೇಲೆ ಯಾರೂ ಬರುವುದಿಲ್ಲ.

ವಾಸ ಬಿಲ್ಡರ್ ಹಾಕಿಕೊಟ್ಟ ತಗಡಿನ ಶೆಡ್ಡಿನಲ್ಲಿ. ಒಂದು ಬಲ್ಬು, ಒಂದು ಫ್ಯಾನು. ಬಾಡಿಗೆ ಇಲ್ಲ, ಹಾಗಾಗಿ ಕರಾರುಪತ್ರವೂ ಇಲ್ಲ. ಕರೆಂಟ್ ಬಿಲ್ ಬಿಲ್ಡರ್ ಹೆಸರಲ್ಲಿ. ಬೆಳಿಗ್ಗೆ ನೀರಿನ ಟ್ಯಾಂಕರ್ ಬಂದಾಗ ಡ್ರಮ್ ತುಂಬುವುದು ಈ ಹುಡುಗಿಯ ಕೆಲಸ. ಟ್ಯಾಂಕರ್ ತಡವಾದರೆ ನನ್ನ ಮೊದಲ ಪೀರಿಯಡ್‌ಗೆ ಅವಳು ತಡ. ಇಷ್ಟು ಗೊತ್ತಾದ ಮೇಲೆ ತಡವಾಗಿ ಬಂದವಳನ್ನು ಬಾಗಿಲಲ್ಲಿ ನಿಲ್ಲಿಸುವ ಮಾತೇ ಬರಲಿಲ್ಲ.

ಅರ್ಜಿ ಯಾಕೆ ನಿಂತಿತು

ಮೊದಲ ಸೆಮಿಸ್ಟರ್‌ನಲ್ಲಿ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅವಳ ಅರ್ಜಿ ಮುಂದಕ್ಕೇ ಹೋಗಲಿಲ್ಲ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಕುಟುಂಬದ ವರಮಾನ ವರ್ಷಕ್ಕೆ 2.5 ಲಕ್ಷದೊಳಗೆ ಇರಬೇಕು. ಇವರದು ಅದಕ್ಕಿಂತ ಎಷ್ಟೋ ಕಡಿಮೆ. ಅರ್ಹತೆಯ ಪ್ರಶ್ನೆಯೇ ಇರಲಿಲ್ಲ, ಎಲ್ಲ ನಿಂತಿದ್ದು ಕಾಗದದ ಮೇಲೆ.

ಮೊದಲನೆಯದು ಅಪ್ಪನ ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಬರೀ ಹೆಸರು ಇದೆ. ಆಧಾರ್‌ನಲ್ಲಿ ಅದರ ಮುಂದೆ ರಾಠೋಡ ಸೇರಿದೆ. ಹಳೆಯ ಜಾತಿ ಪ್ರಮಾಣಪತ್ರದಲ್ಲಿ ನಾಯ್ಕ. ಮೂರೂ ಒಬ್ಬನೇ ಮನುಷ್ಯ. ತಾಂಡಾದಲ್ಲಿ ಅವನನ್ನು ಯಾವ ಹೆಸರಲ್ಲಿ ಕರೆದರೂ ಓಗೊಡುತ್ತಾನೆ. ಕಂಪ್ಯೂಟರ್‌ಗೆ ಮಾತ್ರ ಅವರು ಮೂವರು. ಹುಡುಗಿಯ ಹೆಸರಿಗೂ ಆಧಾರ್‌ನಲ್ಲಿ ‘ಬಾಯಿ’ ಅಂತ ಸೇರಿಕೊಂಡಿತ್ತು, ಅಂಕಪಟ್ಟಿಯಲ್ಲಿ ಇರಲಿಲ್ಲ. ಅಂಕಪಟ್ಟಿ ತಿದ್ದಿಸುವುದು ದೊಡ್ಡ ಓಡಾಟ. ಆದ್ದರಿಂದ ಅಂಕಪಟ್ಟಿಯಲ್ಲಿ ಇದ್ದಂತೆ ಆಧಾರ್ ತಿದ್ದಿಸಿದೆವು. ಆಧಾರ್‌ನಲ್ಲಿ ಹೆಸರು ತಿದ್ದಿಸಲು ಜೀವಮಾನದಲ್ಲಿ ಎರಡೇ ಅವಕಾಶ. ಒಂದು ಅಕ್ಷರ ಹೆಚ್ಚುಕಡಿಮೆ ಆದರೂ ಕಷ್ಟ ಅಂತ ಅರ್ಜಿಯನ್ನು ಪಕ್ಕದಲ್ಲಿ ಕೂತು ಓದಿ ಓದಿ ತುಂಬಿಸಿದೆವು.

ಎರಡನೆಯದು ಆದಾಯ ಪ್ರಮಾಣಪತ್ರ. ಅದಕ್ಕೆ 5 ವರ್ಷದ ಅವಧಿ. ಹೈಸ್ಕೂಲಿನಲ್ಲಿ ಮಾಡಿಸಿದ್ದು ಮುಗಿದುಹೋಗಿತ್ತು. ಹೊಸದು ಬೇಕು, ಅದರ ಮೇಲಿರುವ ಆರ್‌ಡಿ ಸಂಖ್ಯೆ (ಪ್ರಮಾಣಪತ್ರದ ಕ್ರಮಸಂಖ್ಯೆ) ಹಾಕದೆ ಪೋರ್ಟಲ್ ಮುಂದಿನ ಪುಟ ತೆರೆಯುವುದಿಲ್ಲ. ನಾಡಕಚೇರಿಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು, ಅದು ಒಳ್ಳೆಯದೇ. ಆದರೆ ಗ್ರಾಮ ಆಡಳಿತ ಅಧಿಕಾರಿ ಸ್ಥಳ ಪರಿಶೀಲನೆ ಮಾಡಬೇಕಲ್ಲ? ಮಾಡಿದರು. ಮನೆಗೆ ಬೀಗ. ‘ಅರ್ಜಿದಾರರು ಸ್ಥಳದಲ್ಲಿ ವಾಸವಿಲ್ಲ’ ಅಂತ ಬರೆದು ಅರ್ಜಿ ತಿರಸ್ಕಾರವಾಯಿತು. ಅವರು ಬರೆದಿದ್ದರಲ್ಲಿ ಸುಳ್ಳೇನೂ ಇಲ್ಲ.

ಹಾಗಾದರೆ ಬೆಂಗಳೂರಿನಲ್ಲೇ ಮಾಡಿಸೋಣ ಅಂದರೆ ಇಲ್ಲಿ ವಿಳಾಸಕ್ಕೆ ಪುರಾವೆ ಕೇಳುತ್ತಾರೆ. ತಗಡಿನ ಶೆಡ್ಡಿಗೆ ಯಾವ ಪುರಾವೆ?

ಅವ್ವನನ್ನು ಒಂದು ಸಲ ಕಾಲೇಜಿಗೆ ಕರೆಸಿದ್ದೆ. ಅರ್ಧ ದಿನದ ಹಾಜರಿ ಬಿಟ್ಟು ಬಂದಿದ್ದರು. ಹೆಣ್ಣಾಳಿಗೆ ದಿನಕ್ಕೆ 500–600 ರೂಪಾಯಿ, ಅದರಲ್ಲಿ ಅರ್ಧ ಹೋಯಿತು. ಅವರು ಹೇಳಿದ್ದು ಇಷ್ಟು: “ಊರಾಗ ಕೇಳಿದ್ರ ನೀವು ಬೆಂಗಳೂರಾಗ ಇರ್ತೀರಿ ಅಂತಾರ್ರೀ ಮೇಡಂ. ಇಲ್ಲಿ ಕೇಳಿದ್ರ ನೀವು ಊರಿನೋರು ಅಂತಾರ. ನಾವು ಎಲ್ಲಿಯೋರು ಅಂತ ನೀವರೆ ಹೇಳ್ರಿ.”

ಇಲ್ಲಿ ಇನ್ನೊಂದು ಸಂಗತಿ ಇದೆ. ಇವರ ತಾಂಡಾ ತಾನೇ ಬಹುಕಾಲ ಕಂದಾಯ ದಾಖಲೆಯಲ್ಲಿ ಊರಾಗಿ ಇರಲಿಲ್ಲ. ರಾಜ್ಯದ ನೂರಾರು ತಾಂಡಾ, ಹಟ್ಟಿ, ಹಾಡಿಗಳ ಪಾಡು ಇದೇ. ಮನೆ ಇರುತ್ತದೆ, ಜನ ಮೂರು ತಲೆಮಾರು ಬಾಳಿರುತ್ತಾರೆ, ಆದರೆ ಮನೆಯ ಜಾಗ ಅವರ ಹೆಸರಲ್ಲಿ ಇರುವುದಿಲ್ಲ. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿ ಮೋದಿ ಅವರು 50 ಸಾವಿರಕ್ಕೂ ಜಾಸ್ತಿ ಕುಟುಂಬಗಳಿಗೆ ಹಕ್ಕುಪತ್ರ ಕೊಡುವ ಕಾರ್ಯಕ್ರಮ ನಡೆಯಿತು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ ಸುಮಾರು 1,475 ದಾಖಲೆಯಿಲ್ಲದ ವಸತಿಗಳು ಹೊಸ ಕಂದಾಯ ಗ್ರಾಮಗಳಾದವು. ಇವರ ತಾಂಡಾವೂ ಆ ಪಟ್ಟಿಯಲ್ಲಿತ್ತು. ಈ ಹುಡುಗಿ ಪಿಯುಸಿ ಪರೀಕ್ಷೆಗೆ ಓದುತ್ತಿದ್ದ ತಿಂಗಳಲ್ಲಿ ಅವಳ ಮನೆಗೆ ಮೊದಲ ಸಲ ಸರ್ಕಾರಿ ಲೆಕ್ಕದಲ್ಲಿ ಒಂದು ಜಾಗ ಸಿಕ್ಕಿತು. ಅಷ್ಟರಲ್ಲಿ ಮನೆಯವರು ಅಲ್ಲಿ ಇರುವುದೇ ಅಪರೂಪವಾಗಿತ್ತು.

ಆದಾಯ ಪ್ರಮಾಣಪತ್ರ ಕಡೆಗೆ ಸಿಕ್ಕಿದ್ದು ದೀಪಾವಳಿಗೆ ಊರಿಗೆ ಹೋದಾಗ. ನಾನು ಹುಡುಗಿಯ ಕೈಯಲ್ಲಿ ಕಾಲೇಜಿನ ವ್ಯಾಸಂಗ ಪ್ರಮಾಣಪತ್ರ ಮತ್ತು ಒಂದು ಪತ್ರ ಕೊಟ್ಟು ಕಳಿಸಿದ್ದೆ. ಕುಟುಂಬ ಕೂಲಿಗಾಗಿ ಬೆಂಗಳೂರಿನಲ್ಲಿದೆ, ಶಾಶ್ವತ ವಿಳಾಸ ತಾಂಡಾದ್ದೇ, ಮಗಳ ಅರ್ಜಿಗೆ ಕೊನೆಯ ದಿನ ಇಂಥದ್ದು ಅಂತ ಬರೆದಿದ್ದೆ. ಅವಳ ಸೋದರತ್ತೆ ತಾಂಡಾದಲ್ಲೇ ಇರುವವರು. ಅವರು ಅಕ್ಕಪಕ್ಕದ ನಾಲ್ಕು ಮಂದಿಯನ್ನು ಕೂಡಿಸಿ ಪಂಚನಾಮೆಗೆ ಸಹಿ ಹಾಕಿಸಿದರು. ಗ್ರಾಮ ಆಡಳಿತ ಅಧಿಕಾರಿಯೂ ಹಬ್ಬದ ಮಾರನೆಯ ದಿನ ಬಂದು ಮನೆಮಂದಿಯನ್ನು ಕಣ್ಣಾರೆ ಕಂಡು ವರದಿ ಕೊಟ್ಟರು. ಆರ್‌ಡಿ ಸಂಖ್ಯೆ ಮೊಬೈಲಿಗೆ ಬಂದ ದಿನ ಹುಡುಗಿ ತಾಂಡಾದಿಂದಲೇ ನನಗೆ ಅದರ ಫೋಟೋ ಕಳಿಸಿದಳು.

ನನಗೆ ಇಲ್ಲಿ ಕಾಡುವುದು ಒಂದೇ ಪ್ರಶ್ನೆ. ಇದೇ ಕುಟುಂಬದ ಪಡಿತರ ಚೀಟಿ ತಾಂಡಾದ್ದು. ಆದರೆ ಅಕ್ಕಿ ತರಲು ಅವರು ಯಾದಗಿರಿಗೆ ಹೋಗುವುದಿಲ್ಲ, ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಸಿಗುತ್ತದೆ. ಅಕ್ಕಿ ಕೂಲಿಯವರ ಹಿಂದೆಯೇ ಬರುವ ಹಾಗೆ ಮಾಡಿದ ಸರ್ಕಾರಕ್ಕೆ ಒಂದು ಆದಾಯ ಪ್ರಮಾಣಪತ್ರವನ್ನೂ ಹಾಗೆಯೇ ಕೊಡುವುದು ಆಗದ ಮಾತೇನಲ್ಲ. ಕೆಲಸ ಮಾಡುವ ಕಡೆಯ ಕಂದಾಯ ಸಿಬ್ಬಂದಿ ನೋಡಿ ವರದಿ ಕೊಟ್ಟರೆ ಊರಿನ ನಾಡಕಚೇರಿ ಒಪ್ಪಬಹುದಲ್ವಾ?

2024ರ ಬೇಸಿಗೆ

ನಿಜವಾದ ಬಿಕ್ಕಟ್ಟು ಬಂದಿದ್ದು ಎರಡನೇ ಸೆಮಿಸ್ಟರ್‌ನಲ್ಲಿ. 2023ರಲ್ಲಿ ಮಳೆ ಕೈಕೊಟ್ಟಿತ್ತು. ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದ್ದರು. ಇವರ ತೊಗರಿಯೂ ಹೋಯಿತು. ಊರಿಗೆ ಮರಳುವ ದಾರಿಯೇ ಇರಲಿಲ್ಲ. ಇತ್ತ ಬೆಂಗಳೂರಿನಲ್ಲೂ ಕೊಳವೆಬಾವಿ ಬತ್ತಿ, ಟ್ಯಾಂಕರ್ ದರ ಏರಿ, ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕಟ್ಟಡ ಕೆಲಸಕ್ಕೆ ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತು. ನೀರಿಲ್ಲದ ನಗರಕ್ಕೆ ಆ ಆದೇಶ ಬೇಕಿತ್ತು, ಅದರಲ್ಲಿ ತಪ್ಪಿಲ್ಲ. ಆದರೆ ಇವರ ಸೈಟಿನಲ್ಲಿ ಕೆಲಸ ವಾರಕ್ಕೆ ಮೂರು ದಿನಕ್ಕೆ ಇಳಿಯಿತು, ಆಮೇಲೆ ನಿಂತಿತು. ಮೇಸ್ತ್ರಿ ಇಡೀ ಗ್ಯಾಂಗನ್ನು ಹೊಸಕೋಟೆ ಆಚೆಯ ಇನ್ನೊಂದು ಸೈಟಿಗೆ ಒಯ್ದ. ಶೆಡ್ ಖಾಲಿ ಮಾಡಬೇಕಾಯಿತು.

ಹೊಸ ಸೈಟಿನಿಂದ ಕಾಲೇಜಿಗೆ ಬರಲು ಮೂರು ಬಸ್. ಟಿಕೆಟ್ ಕೊಡಬೇಕಿಲ್ಲ, ನಿಜ. ಆದರೆ ಬೆಳಿಗ್ಗೆ ಆರಕ್ಕೆ ಹೊರಟರೂ ಮೊದಲ ಪೀರಿಯಡ್ ಸಿಗುವುದಿಲ್ಲ. ಸಂಜೆ ಕತ್ತಲಾದ ಮೇಲೆ ಮೇನ್ ರೋಡಿನಿಂದ ಸೈಟಿಗೆ ಬೀದಿದೀಪ ಇಲ್ಲದ ದಾರಿಯಲ್ಲಿ ನಡೆಯಬೇಕು. ಅಪ್ಪ “ಈ ವರ್ಷ ಸಾಕು, ಮುಂದಿನ ವರ್ಷ ನೋಡೋಣ” ಅಂದ. ಅವನು ಓದಿಗೆ ವಿರುದ್ಧ ಇದ್ದವನಲ್ಲ. ಮಗಳು ರಾತ್ರಿ ಎಂಟಾದರೂ ಬರದಿದ್ದರೆ ಟಾರ್ಚ್ ಹಿಡಿದು ರಸ್ತೆಗೆ ಬಂದು ನಿಲ್ಲುತ್ತಿದ್ದವನು. ದಿನವಿಡೀ ಸಿಮೆಂಟ್ ಹೊತ್ತವನಿಗೆ ಅದು ಎಷ್ಟು ದಿನ ಸಾಧ್ಯ?

ಹಾಜರಾತಿ ಶೇ 60ಕ್ಕೆ ಇಳಿಯಿತು. ಪರೀಕ್ಷೆಗೆ ಕೂರಲು ಶೇ 75 ಬೇಕು.

ಹಾಸ್ಟೆಲ್ ಒಂದೇ ದಾರಿ ಅಂತ ಎಲ್ಲರಿಗೂ ಗೊತ್ತಿತ್ತು. ಮೆಟ್ರಿಕ್ ನಂತರದ ಸರ್ಕಾರಿ ಹಾಸ್ಟೆಲ್‌ಗೆ ಅರ್ಜಿ ಹಾಕುವುದು ವರ್ಷದ ಶುರುವಿನಲ್ಲಿ. ಆಗ ಶೆಡ್ ಕಾಲೇಜಿಗೆ ಹತ್ತಿರವೇ ಇತ್ತು, ಅವಳಿಗೆ ಹಾಸ್ಟೆಲ್ ಬೇಕಿರಲಿಲ್ಲ. ಈಗ ಬೇಕು, ಈಗ ಸೀಟಿಲ್ಲ. ಸೀಟು ತೆರವಾದಾಗ ಇನ್ನೊಂದು ತೊಡಕು. ಹೊರಗಿನಿಂದ ಬಂದ ಮಕ್ಕಳಿಗೆ ಮೊದಲ ಆದ್ಯತೆ. ಇವಳ ಮತ್ತು ಅಪ್ಪನ ಆಧಾರ್ ತಾಂಡಾದ ವಿಳಾಸದ್ದು, ಸರಿ. ಆದರೆ ಅವ್ವ ಬ್ಯಾಂಕ್ ಖಾತೆ ತೆರೆಯಲು ಗ್ಯಾಂಗಿನವರೊಬ್ಬರ ಬಾಡಿಗೆ ಮನೆಯ ವಿಳಾಸಕ್ಕೆ ಆಧಾರ್ ಬದಲಿಸಿಕೊಂಡಿದ್ದರು. ‘ತಾಯಿ ಬೆಂಗಳೂರಿನಲ್ಲೇ ವಾಸ’ ಅನ್ನುವ ಆಕ್ಷೇಪ ಬಂತು. ಒಂದು ಕಡೆ ಬಾಗಿಲು ತೆರೆಸಿದ ಅದೇ ವಿಳಾಸ ಇನ್ನೊಂದು ಕಡೆ ಬಾಗಿಲು ಮುಚ್ಚಿಸಿತು.

ಈ ಹಂತದಲ್ಲಿ ಪ್ರಕರಣವನ್ನು ಉಳಿಸಿದವರು ಇಬ್ಬರು. ಒಬ್ಬರು ನಮ್ಮ ಪ್ರಾಂಶುಪಾಲರು. ಸೈಟು ಮುಚ್ಚಿದೆ, ಈ ಕುಟುಂಬಕ್ಕೆ ಬೆಂಗಳೂರಿನಲ್ಲಿ ಮನೆ ಅನ್ನುವುದೇ ಇಲ್ಲ, ತಾಯಿಯ ಆಧಾರ್ ವಿಳಾಸ ಬೇರೆಯವರ ಬಾಡಿಗೆ ಮನೆಯದು ಅಂತ ಬಿಡಿಸಿ ಬಿಡಿಸಿ ಪತ್ರ ಬರೆದರು. ಇನ್ನೊಬ್ಬರು ಹಾಸ್ಟೆಲ್‌ನ ವಾರ್ಡನ್. ಪತ್ರ ಓದಿ ಸುಮ್ನೆ ಫೈಲಿಗೆ ಸೇರಿಸದೆ ತಾವೇ ಮೇಲಿನ ಅಧಿಕಾರಿಯ ಹತ್ತಿರ ಹೋಗಿ ಕೂತು ಮಾತಾಡಿದರು. ಆಕೆಯೂ ರಾಯಚೂರು ಕಡೆಯವರು, ಗುಳೆ ಅಂದರೆ ಏನು ಅಂತ ಅವರಿಗೆ ಹೇಳಿಕೊಡಬೇಕಿರಲಿಲ್ಲ. ಆದೇಶ ಬರುವ ತನಕ ಹುಡುಗಿ ನಾಗವಾರದ ಹತ್ತಿರ ತಮ್ಮ ತಾಂಡಾದವರದೇ ಇನ್ನೊಂದು ಶೆಡ್ಡಿನಲ್ಲಿ, ಎರಡು ಪುಟ್ಟ ಮಕ್ಕಳಿರುವ ಮನೆಯವರ ಜೊತೆ ಇದ್ದಳು. ಹಾಜರಾತಿ ಕೊರತೆ ತುಂಬಲು ಕಾಲೇಜು ಮಧ್ಯಾಹ್ನ ಪರಿಹಾರ ಬೋಧನೆಯ ತರಗತಿ ಇಟ್ಟಿತು. ಅವಳೊಬ್ಬಳಿಗೇ ಅಲ್ಲ, ಆ ಬೇಸಿಗೆಯಲ್ಲಿ ಹಾಜರಾತಿ ಕಳೆದುಕೊಂಡ ಎಲ್ಲರಿಗೂ. ಪರೀಕ್ಷೆ ಬರೆದಳು.

ಇಬ್ಬರು ಒಳ್ಳೆಯವರು ಸಿಕ್ಕಿದ್ದರಿಂದ ಇದು ಆಯಿತು. ಸಿಗದಿದ್ದರೆ? ಇಂಥ ಮಕ್ಕಳಿಗೆ ವರ್ಷದ ನಡುವೆ ಹಾಸ್ಟೆಲ್ ಕೊಡಲು ಪ್ರತಿ ಊರಲ್ಲೂ ಒಂದಿಷ್ಟು ಸೀಟು ಕಾದಿಡಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಕೂಲಿಯವರ ಸೈಟು ಜೂನ್ ತಿಂಗಳು ನೋಡಿಕೊಂಡು ಬದಲಾಗುವುದಿಲ್ಲ.

ಮೇಸ್ತ್ರಿಯ ನೋಟ್‌ಬುಕ್

ಓದಿನ ಕಡೆಯ ತೊಂದರೆ ಭಾಷೆಯದು. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ, ಪದವಿಗೆ ಬಂದರೆ ಅಕೌಂಟ್ಸ್ ಪುಸ್ತಕ ಪೂರ್ತಿ ಇಂಗ್ಲಿಷು. ಪಿಯುಸಿಯಲ್ಲಿ ಕನ್ನಡದಲ್ಲೇ ಬರೆದು ಒಳ್ಳೆಯ ಅಂಕ ತೆಗೆದಿದ್ದವಳು ಮೊದಲ ಕಿರುಪರೀಕ್ಷೆಯಲ್ಲಿ ಅರ್ಧ ಹಾಳೆ ಖಾಲಿ ಬಿಟ್ಟಿದ್ದಳು.

ಅವಳ ಬ್ಯಾಗಿನಲ್ಲಿ ಉದ್ದನೆಯ ಒಂದು ನೋಟ್‌ಬುಕ್ ಇರುತ್ತಿತ್ತು. ಒಂದು ದಿನ ಕೇಳಿದೆ, ತೆಗೆದು ತೋರಿಸಿದಳು. ಗ್ಯಾಂಗಿನ ಲೆಕ್ಕ. ಮೇಸ್ತ್ರಿಗೆ ಬರೆಯಲು ಬರುವುದಿಲ್ಲ. ಹುಡುಗಿ ಎಂಟನೇ ಕ್ಲಾಸಿನಿಂದ ಇಡೀ ಗ್ಯಾಂಗಿನ ಹಾಜರಿ ಬರೆಯುತ್ತಾಳೆ. ಒಬ್ಬೊಬ್ಬರಿಗೆ ಒಂದು ಪುಟ. ಪೂರ್ತಿ ದಿನಕ್ಕೆ ಒಂದು ಗೀಟು, ಅರ್ಧ ದಿನಕ್ಕೆ ಅರ್ಧ ಗೀಟು. ಭಾನುವಾರ ಮೇಸ್ತ್ರಿ ಕೊಡುವ ಖರ್ಚಿ, ಅಂದರೆ ವಾರದ ಕೈಖರ್ಚಿನ ಹಣ, ಕೆಳಗೆ. ಅವ್ವನ ಪುಟದಲ್ಲಿ ಆ ವಾರ ಹೀಗಿತ್ತು: ಹಾಜರಿ ಆರೂವರೆ, 600ರಂತೆ 3,900. ಖರ್ಚಿ 1,500. ಬಾಕಿ 2,400. ಬಾಕಿ ಹಣ ತಿಂಗಳಾನುಗಟ್ಟಲೆ ಮೇಸ್ತ್ರಿ ಹತ್ತಿರವೇ ಉಳಿಯುತ್ತದೆ, ಹಬ್ಬಕ್ಕೆ ಊರಿಗೆ ಹೊರಟಾಗ ಚುಕ್ತಾ.

ಇದು ಸರಿಯಾದ ಲೆಡ್ಜರ್. ಅವತ್ತು ಬೋರ್ಡಿನ ಮೇಲೆ ಅದೇ ಪುಟವನ್ನು ಬರೆದೆ. ಮೇಸ್ತ್ರಿಯ ಪುಸ್ತಕದಲ್ಲಿ ಈ ಕೆಲಸಗಾರ್ತಿಯ ಖಾತೆ ಅಂತ ಇಟ್ಟುಕೊಳ್ಳೋಣ. ಕೂಲಿ 3,900 ಯಾವ ಕಡೆ? ಕ್ರೆಡಿಟ್, ಯಾಕಂದರೆ ಅದು ಮೇಸ್ತ್ರಿ ಕೊಡಬೇಕಾದ್ದು. ಖರ್ಚಿ ಯಾವ ಕಡೆ? ಕೊಟ್ಟಾಯಿತು, ಡೆಬಿಟ್. ಉಳಿದ 2,400 ಮೇಸ್ತ್ರಿಯ ಮೇಲಿನ ಹೊಣೆ, ಬಾಕಿ ಕೂಲಿ ಅಂತ ಅಡಾವೆ ಪತ್ರಿಕೆಯಲ್ಲಿ (ಬ್ಯಾಲೆನ್ಸ್ ಶೀಟ್) ತೋರಿಸಬೇಕು. ಹುಡುಗಿ ತಟ್ಟನೆ ಕೇಳಿದಳು: “ಹಂಗಾದ್ರ ಗ್ಯಾಂಗಿನ ಎಲ್ಲರ ಬಾಕಿ ಕೂಡಿಸಿದ್ರ ಮೇಸ್ತ್ರಿ ಸಾಲ ಎಷ್ಟದ ಅಂತ ಗೊತ್ತಾಗ್ತದಲ್ರಿ?” ಗೊತ್ತಾಗುತ್ತದೆ. ಅವಳು ಅವತ್ತು ರಾತ್ರಿಯೇ ಕೂಡಿಸಿದಳು. ಮೊತ್ತ ನೋಡಿ ಗ್ಯಾಂಗಿನವರು ದಂಗಾದರು. ಆಮೇಲೆ ತಿಂಗಳಿಗೊಮ್ಮೆ ಬಾಕಿಯಲ್ಲಿ ಅರ್ಧವನ್ನಾದರೂ ಕೊಡಬೇಕು ಅಂತ ಪಟ್ಟು ಹಿಡಿದರಂತೆ. ಮೇಸ್ತ್ರಿಯೂ ತಾಂಡಾದವನೇ, ಅವನಿಗೂ ಕಂಟ್ರಾಕ್ಟರ್‌ನಿಂದ ಬರಬೇಕಾದ್ದು ಇತ್ತು. ಒಪ್ಪಿಕೊಂಡ.

ಇಂಗ್ಲಿಷ್ ಪದಗಳಿಗೆ ನಾವು ಮಾಡಿದ್ದು ಸರಳ. ಪ್ರತಿ ಅಧ್ಯಾಯದ ಮೊದಲು ಕನ್ನಡದಲ್ಲಿ ಪೂರ್ತಿ ಪಾಠ. ಆಮೇಲೆ ಅದೇ ಲೆಕ್ಕ ಇಂಗ್ಲಿಷ್‌ನಲ್ಲಿ. ಎರಡನೇ ವರ್ಷದ ಹೊತ್ತಿಗೆ ಅವಳು ಖಾಲಿ ಹಾಳೆ ಬಿಡುವುದು ನಿಂತಿತ್ತು.

ನಿರಾಶ್ರಿತರ ಮಾತು ಇಲ್ಲಿ ಯಾಕೆ

ನಿರಾಶ್ರಿತರ ಉನ್ನತ ಶಿಕ್ಷಣದ ಬಗ್ಗೆ ಜಗತ್ತಿನಲ್ಲಿ ಈಗ ಜಾಸ್ತಿ ಮಾತು ನಡೆಯುತ್ತಿದೆ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ 2030ರೊಳಗೆ ಶೇ 15 ನಿರಾಶ್ರಿತ ಯುವಜನರನ್ನು ಉನ್ನತ ಶಿಕ್ಷಣಕ್ಕೆ ತರುವ ಗುರಿ ಇಟ್ಟುಕೊಂಡಿದೆ. ಗುರಿ ಇಟ್ಟಾಗ, 2019ರಲ್ಲಿ, ಅದು ಶೇ 3 ಇತ್ತು. 2023ರ ಹೊತ್ತಿಗೆ ಶೇ 7ಕ್ಕೆ ಬಂತು. ನಮ್ಮ ದೇಶದಲ್ಲಿ 2021–22ರ ಸಮೀಕ್ಷೆಯಂತೆ ಉನ್ನತ ಶಿಕ್ಷಣದ ಒಟ್ಟು ದಾಖಲಾತಿ ಪ್ರಮಾಣ ಶೇ 28.4, ಪರಿಶಿಷ್ಟ ಜಾತಿಯವರದು ಶೇ 25.9. ಸಂಖ್ಯೆ ನೋಡಿದರೆ ನಮ್ಮವರು ಬಹಳ ಮುಂದೆ ಇದ್ದಾರೆ. ಆದರೆ ಗುಳೆ ಮಕ್ಕಳನ್ನು ಯಾರೂ ಬೇರೆಯಾಗಿ ಎಣಿಸುವುದಿಲ್ಲ.

ಬೆಂಗಳೂರಿನಲ್ಲಿ ಕೂತು ಈ ಮಾತಾಡುವಾಗ ನನಗೆ ನೆನಪಾಗುವುದು ಟಿಬೆಟನ್ನರು. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಆದರೂ 1959ರಲ್ಲಿ ದಲೈ ಲಾಮಾ ಅವರ ಹಿಂದೆ ಬಂದವರಿಗೆ ಅಂದಿನ ಮೈಸೂರು ಸರ್ಕಾರ ಪಿರಿಯಾಪಟ್ಟಣ ತಾಲೂಕಿನ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಆಮೇಲೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಒಡೆಯರಪಾಳ್ಯ. 1961ರಲ್ಲಿ ಕೇಂದ್ರ ಸರ್ಕಾರ ಟಿಬೆಟನ್ ಮಕ್ಕಳ ಶಾಲೆಗಳಿಗಾಗಿಯೇ ಒಂದು ಆಡಳಿತ ಸಂಸ್ಥೆ ಕಟ್ಟಿತು. ಜಮೀನು ಬಂತು, ಜಮೀನಿನ ಹಿಂದೆ ಶಾಲೆ ಬಂತು, ಶಾಲೆಯ ಹಿಂದೆ ಕಾಲೇಜು. 2009ರಲ್ಲಿ ಬೆಂಗಳೂರು–ಮೈಸೂರು ರಸ್ತೆಯ ಶೇಷಗಿರಿಹಳ್ಳಿಯಲ್ಲಿ ದಲೈ ಲಾಮಾ ಉನ್ನತ ಶಿಕ್ಷಣ ಸಂಸ್ಥೆ ಶುರುವಾಯಿತು.

ಅವರ ಬದುಕು ಹೂವಿನ ಹಾಸಿಗೆ ಅಂತ ಹೇಳುತ್ತಿಲ್ಲ. ನೋಂದಣಿ ಪತ್ರವನ್ನು ಅವಧಿಗೊಮ್ಮೆ ನವೀಕರಿಸುತ್ತಲೇ ಇರಬೇಕು. ಪೌರತ್ವ ಪಡೆಯದವರಿಗೆ ಸರ್ಕಾರಿ ನೌಕರಿಯ ದಾರಿ ಕಷ್ಟ. ಚಳಿಗಾಲದಲ್ಲಿ ಸ್ವೆಟರ್ ಮಾರಲು ಊರೂರು ಸುತ್ತುವ ಕುಟುಂಬಗಳೂ ಇವೆ. ಅವರೂ ಗುಳೆ ಹೋಗುವವರೇ. ಆದರೆ ಅಪ್ಪ ಅಮ್ಮ ವ್ಯಾಪಾರಕ್ಕೆ ಹೋದಾಗ ಮಗು ಕ್ಯಾಂಪಿನ ವಸತಿ ಶಾಲೆಯಲ್ಲಿ ನೆಮ್ಮದಿಯಾಗಿ ಇರುತ್ತದೆ. ನೆಲೆ ಕೊಟ್ಟಿದ್ದರಿಂದ ಓದು ಸಾಧ್ಯವಾಯಿತು. ಹೊರದೇಶದಿಂದ ಬಂದವರಿಗೆ ನಮ್ಮ ನಾಡು ಅರವತ್ತು ವರ್ಷದ ಹಿಂದೆಯೇ ಮಾಡಿ ತೋರಿಸಿದ ಕೆಲಸ ಇದು. ಯಾದಗಿರಿಯಿಂದ ಥಣಿಸಂದ್ರಕ್ಕೆ ಬಂದ ನಮ್ಮವರೇ ಆದ ಹುಡುಗಿಗೂ ಆಗಬೇಕು ಅಂತ ಕೇಳುವುದು ನನಗೆ ದೊಡ್ಡ ಬೇಡಿಕೆಯಾಗಿ ಕಾಣುವುದಿಲ್ಲ.

ಹಣ ಬಂದ ಬಗೆ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಮೊದಲ ವರ್ಷದ ವಿದ್ಯಾರ್ಥಿವೇತನ ಎರಡನೇ ವರ್ಷದಲ್ಲಿ ಬಂತು. ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. ಎರಡೂ ಬೇರೆ ಬೇರೆ ಸಮಯಕ್ಕೆ ಬರುತ್ತವೆ. ಅವಳ ಖಾತೆಗೆ ಆಧಾರ್ ಜೋಡಣೆ ಆಗಿತ್ತು, ಆದರೆ ಸರ್ಕಾರದ ಹಣ ಯಾವ ಖಾತೆಗೆ ಹೋಗಬೇಕು ಅಂತ ಹೇಳುವ ಎನ್‌ಪಿಸಿಐ ಮ್ಯಾಪಿಂಗ್ ಹಳೆಯ ಶಾಲಾ ಖಾತೆಯ ಮೇಲಿತ್ತು. ಆ ಖಾತೆ ಸ್ಥಗಿತವಾಗಿತ್ತು. ಈಗ ಪ್ರವೇಶದ ದಿನವೇ ಪ್ರತಿ ಹೊಸ ವಿದ್ಯಾರ್ಥಿಯ ಮ್ಯಾಪಿಂಗ್ ಯಾವ ಬ್ಯಾಂಕಿಗೆ ಇದೆ ಅಂತ ನೋಡುತ್ತೇವೆ.

ಅಪ್ಪನಿಗೆ ಲೇಬರ್ ಕಾರ್ಡ್ ಇದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಶೈಕ್ಷಣಿಕ ಸಹಾಯಧನವೂ ಸಿಗಬೇಕು. ಆಗ ಜಾರಿಯಲ್ಲಿದ್ದ 1996ರ ಕಾಯ್ದೆಯಂತೆ ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನ ಯಾರು ಬೇಕಾದರೂ ನೋಂದಾಯಿಸಬಹುದಿತ್ತು. ಕೆಲಸ ಮಾಡಿದ್ದಕ್ಕೆ ಉದ್ಯೋಗದಾತರ ದೃಢೀಕರಣ ಬೇಕು. ಸೈಟು ಬದಲಾದ ಮೇಲೆ ಹಳೆಯ ಕಂಟ್ರಾಕ್ಟರ್ ಫೋನೇ ಎತ್ತಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಸಹಾಯಧನದ ಮೊತ್ತವನ್ನೂ ಬಹಳ ಇಳಿಸಿದ್ದರು. ಅದರ ವಿರುದ್ಧ ವಿದ್ಯಾರ್ಥಿಗಳು ಹೈಕೋರ್ಟ್‌ಗೆ ಹೋದರು. ಇವಳ ಅಪ್ಪನ ಕಾರ್ಡ್ ಕೊನೆಗೂ ಹೊಸಕೋಟೆ ಸೈಟಿನ ದೃಢೀಕರಣದ ಮೇಲೆ ಆಯಿತು. ದೃಢೀಕರಣಕ್ಕೆ ಆಧಾರವಾಗಿ ಮುಂದಿಟ್ಟಿದ್ದು ಮಗಳು ಬರೆದ ಹಾಜರಿ ಪುಸ್ತಕವನ್ನೇ.

ಈಗ

ಹುಡುಗಿ ಈಗ ಕೊನೆಯ ವರ್ಷದಲ್ಲಿದ್ದಾಳೆ. ಹಾಸ್ಟೆಲ್‌ನಲ್ಲೇ ಇದ್ದಾಳೆ. ಹಿಂದಿನ ಯಾವ ಪೇಪರ್ ಕೂಡ ಬಾಕಿ ಇಲ್ಲ. ಎಂ.ಕಾಂ. ಮಾಡುವ ಆಸೆ, ಜೊತೆಗೆ ಸರ್ಕಾರಿ ಪರೀಕ್ಷೆಗಳಿಗೂ ಓದುತ್ತಿದ್ದಾಳೆ.

ಎರಡಕ್ಕೂ ಮುಂದೆ ಬೇಕಾಗುವುದು 371(ಜೆ) ಅರ್ಹತಾ ಪ್ರಮಾಣಪತ್ರ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ಆ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8 ಸೀಟು ಮೀಸಲು. ನೌಕರಿಯಲ್ಲೂ ಮೀಸಲಾತಿ ಇದೆ. ಪ್ರಮಾಣಪತ್ರ ಕೊಡುವವರು ಉಪವಿಭಾಗಾಧಿಕಾರಿ. ಅವಳು ತಾಂಡಾದಲ್ಲೇ ಹುಟ್ಟಿದವಳು, ಹಕ್ಕು ಖಂಡಿತ ಇದೆ. ಆದರೆ ಹೆರಿಗೆ ಮನೆಯಲ್ಲೇ ಆಗಿದ್ದು, ಜನನ ಪ್ರಮಾಣಪತ್ರ ಮಾಡಿಸಿಲ್ಲ. ಆರನೇ ಕ್ಲಾಸಿನಿಂದ ಮುಂದಿನ ದಾಖಲೆ ಎಲ್ಲ ಬೆಂಗಳೂರಿನದು. ಉಳಿದಿರುವುದು ತಾಂಡಾದ ಶಾಲೆಯ ಐದು ವರ್ಷ.

ಆ ಶಾಲೆಯ ಮುಖ್ಯೋಪಾಧ್ಯಾಯರ ಜೊತೆ ಫೋನಿನಲ್ಲಿ ಮಾತಾಡಿದ್ದೇನೆ. ದಾಖಲಾತಿ ರಿಜಿಸ್ಟರ್ ಸಿಕ್ಕಿದೆ, ಅದರಲ್ಲಿ ಹುಟ್ಟಿದ ಊರಿನ ಕಾಲಂ ತುಂಬಿದೆ. ಅಪ್ಪನ ಹೆಸರು ಅಂಕಪಟ್ಟಿಯಲ್ಲಿ ಇರುವಂತೆಯೇ ಇದೆ. ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಆಗಬೇಕು. ಸೋದರತ್ತೆ ಅದನ್ನು ಹಿಡಿದು ಬಿಇಒ ಕಚೇರಿಗೆ ಹೋಗಲು ಒಪ್ಪಿದ್ದಾರೆ. ಸಹಿ ಆದ ಕೂಡಲೇ ಅರ್ಜಿ ಹಾಕುತ್ತೇವೆ. ಈ ಸಲ ಪರಿಶೀಲನೆಗೆ ಬಂದವರಿಗೆ ಬೀಗ ಹಾಕಿದ ಮನೆ ಸಿಗದ ಹಾಗೆ ಅವ್ವ ಎರಡು ವಾರ ಕೆಲಸ ಬಿಟ್ಟು ತಾಂಡಾದಲ್ಲಿ ಇರುವುದಾಗಿ ಹೇಳಿದ್ದಾರೆ. ಅಷ್ಟು ದಿನದ ಕೂಲಿಯನ್ನು ಗ್ಯಾಂಗಿನವರು ತಮ್ಮತಮ್ಮಲ್ಲೇ ಹಂಚಿಕೊಂಡು ತುಂಬಿಕೊಡಲು ಮುಂದೆ ಬಂದಿದ್ದಾರೆ.